ಸಂಬಳ ಸರ್ಕಾರದ್ದಾದರೆ ಸೀಟು ಯಾರದ್ದು?

ಖಾಸಗಿ ಶಾಲೆಗಳನ್ನು ಸರ್ಕಾರಿ ವ್ಯವಸ್ಥೆಯೊಳಗೆ ತರಬೇಕು ಅನ್ನುವವರಲ್ಲಿ ನಾನೂ ಒಬ್ಬ. ಅಪ್ಪ ಅಮ್ಮನ ಜೇಬು ನೋಡಿ ಮಗುವಿಗೆ ಸೀಟು ಕೊಡುವುದನ್ನು ನನಗೆ ಒಪ್ಪಿಕೊಳ್ಳಲು ಆಗುವುದಿಲ್ಲ. ಆದರೆ ಸುಮ್ನೆ ಒಂದು ಆದೇಶ ಹೊರಡಿಸಿದರೆ ಆಗುವ ಕೆಲಸ ಇದಲ್ಲ.

ಇಂಗ್ಲೆಂಡಿನಲ್ಲಿ ಏನಾಯಿತು ನೋಡಿ. ದೊಡ್ಡ ಖಾಸಗಿ ಶಾಲೆಗಳು ಕಾಲು ಭಾಗ ಸೀಟುಗಳನ್ನು ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕೊಡಲಿ ಎಂದು 1944ರಲ್ಲೇ ಫ್ಲೆಮಿಂಗ್ ಸಮಿತಿ ಹೇಳಿತ್ತು. ಕಡ್ಡಾಯ ಅಲ್ಲದ್ದರಿಂದ ಹೆಚ್ಚೇನೂ ಆಗಲಿಲ್ಲ. ಅಲ್ಲಿ ಇನ್ನೊಂದು ಬಗೆಯ ಶಾಲೆಗಳಿದ್ದವು. ಅವು ಕೇಂದ್ರ ಸರ್ಕಾರದಿಂದ ನೇರ ಅನುದಾನ ಪಡೆದು, ಒಂದಷ್ಟು ಮಕ್ಕಳಿಗೆ ಶುಲ್ಕ ಇಲ್ಲದೆ ಕಲಿಸುತ್ತಿದ್ದವು. 1975ರಲ್ಲಿ ಲೇಬರ್ ಪಕ್ಷದ ಸರ್ಕಾರ ಅವುಗಳಿಗೆ ಎರಡೇ ದಾರಿ ಇಟ್ಟಿತು: ಸರ್ಕಾರಿ ವ್ಯವಸ್ಥೆಗೆ ಸೇರಿ, ಇಲ್ಲವೇ ಅನುದಾನ ಬಿಡಿ. ಕ್ಯಾಥೊಲಿಕ್ ಶಾಲೆಗಳಲ್ಲಿ ಹೆಚ್ಚಿನವು ಸೇರಿದವು. ಉಳಿದವುಗಳಲ್ಲಿ ಬಹುಪಾಲು ಅನುದಾನ ಬಿಟ್ಟು ಪೂರ್ತಿ ಖಾಸಗಿಯಾದವು. ಖಾಸಗಿ ಶಾಲೆ ಕಡಿಮೆಯಾಗಲಿ ಅಂತ ಮಾಡಿದ್ದು, ಜಾಸ್ತಿಯಾಯಿತು! ಇದನ್ನು ಓದಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ನಷ್ಟ ಆಗಿದ್ದು ದುಡ್ಡಿಲ್ಲದ ಮನೆಯ ಮಕ್ಕಳಿಗೆ ತಾನೆ?

ಫ್ರಾನ್ಸಿನಲ್ಲಿ 1984ರಲ್ಲಿ ಶಿಕ್ಷಣ ಮಂತ್ರಿ ಅಲೆಂ ಸವಾರಿ ಖಾಸಗಿ ಶಾಲೆಗಳನ್ನು ಸರ್ಕಾರಿ ವ್ಯವಸ್ಥೆಗೆ ಸೇರಿಸುವ ಮಸೂದೆ ತಂದರು. ಜೂನ್ 24ರಂದು ಅದನ್ನು ವಿರೋಧಿಸಿ ಪ್ಯಾರಿಸ್ಸಿನಲ್ಲಿ ಲಕ್ಷಗಟ್ಟಲೆ ಜನ ಬೀದಿಗಿಳಿದರು. ಅಧ್ಯಕ್ಷ ಮಿತ್ತರಾಂ ಮಸೂದೆ ವಾಪಸ್ ತೆಗೆದುಕೊಂಡರು, ಸವಾರಿ ರಾಜೀನಾಮೆ ಕೊಟ್ಟರು.

ನನಗೆ ಹಿಡಿಸಿದ್ದು ನ್ಯೂಜಿಲೆಂಡಿನ ದಾರಿ. 1970ರ ಹೊತ್ತಿಗೆ ಅಲ್ಲಿನ ಕ್ಯಾಥೊಲಿಕ್ ಶಾಲೆಗಳು ಸೋತಿದ್ದವು. ಕಲಿಸುವ ಸನ್ಯಾಸಿನಿಯರು ಕಡಿಮೆಯಾಗಿ, ಸಂಬಳ ಕೊಟ್ಟು ಶಿಕ್ಷಕರನ್ನು ಇಟ್ಟುಕೊಳ್ಳಬೇಕಾಯಿತು. 1975ರಲ್ಲಿ ಸರ್ಕಾರ ಒಂದು ಕಾಯ್ದೆ ಮಾಡಿತು. ಸೇರಲೇಬೇಕು ಅನ್ನುವ ಬಲವಂತ ಇಲ್ಲ. ಜಾಗ, ಕಟ್ಟಡ ಶಾಲೆಯ ಮಾಲೀಕರ ಹತ್ತಿರವೇ ಇರುತ್ತದೆ. ಶಾಲೆಯ ಧರ್ಮ, ನಡೆದುಬಂದ ರೀತಿ ಹಾಗೇ ಉಳಿಯುತ್ತದೆ, ಅದಕ್ಕೆ ಕಾಯ್ದೆಯ ರಕ್ಷಣೆಯೂ ಇದೆ. ಶಿಕ್ಷಕರ ಸಂಬಳ, ದಿನನಿತ್ಯದ ಖರ್ಚು ಸರ್ಕಾರದ್ದು, ಪಠ್ಯಕ್ರಮವೂ ಸರ್ಕಾರದ್ದೇ. 1980ರ ದಶಕದ ಮಧ್ಯದ ಹೊತ್ತಿಗೆ ಕ್ಯಾಥೊಲಿಕ್ ಶಾಲೆಗಳೆಲ್ಲ ಸೇರಿಬಿಟ್ಟಿದ್ದವು.

ಇದರಲ್ಲೂ ಕೊರತೆ ಇದೆ. ಕಟ್ಟಡದ ಹೆಸರಿನಲ್ಲಿ ಪೋಷಕರು ಇವತ್ತಿಗೂ ಹಣ ಕಟ್ಟಬೇಕು. ಆ ಧರ್ಮದ ಮನೆಯ ಮಕ್ಕಳಿಗೆ ಸೀಟಿನಲ್ಲಿ ಮೊದಲ ಆದ್ಯತೆ. ಫ್ರಾನ್ಸಿನಲ್ಲಂತೂ 1959ರ ಕಾಯ್ದೆಯಿಂದ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡ ಖಾಸಗಿ ಶಾಲೆಗಳ ಶಿಕ್ಷಕರಿಗೆ ಸರ್ಕಾರವೇ ಸಂಬಳ ಕೊಡುತ್ತಿದೆ, ಮಕ್ಕಳನ್ನು ಆರಿಸುವುದು ಮಾತ್ರ ಶಾಲೆ. 2022ರಲ್ಲಿ ಅಲ್ಲಿನ ಸರ್ಕಾರ ಬಿಟ್ಟ ಅಂಕಿಅಂಶ ನೋಡಿದರೆ, ಈ ಶಾಲೆಗಳಲ್ಲಿ ಅನುಕೂಲಸ್ಥರ ಮಕ್ಕಳೇ ಜಾಸ್ತಿ. ಹೀಗಾದರೆ ಸೇರಿಸಿ ಏನು ಬಂತು?

ಹಾಗಾಗಿ ನಾನು ಕೇಳುವುದು ಇಷ್ಟು. ಹೆಸರು, ಪ್ರಾರ್ಥನೆ, ಸಮವಸ್ತ್ರ ಎಲ್ಲ ಶಾಲೆಯದ್ದೇ ಇರಲಿ. ಆದರೆ ಸರ್ಕಾರದಿಂದ ಸಂಬಳ ತೆಗೆದುಕೊಂಡ ಮೇಲೆ ಪೋಷಕರ ಸಂದರ್ಶನ ನಿಲ್ಲಬೇಕು, ಕಟ್ಟಡದ ಹಣ ನಿಲ್ಲಬೇಕು. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಎಲ್ಲರ ಎದುರೇ ಚೀಟಿ ಎತ್ತಲಿ.