ಗೇರ್ ಬಾಕ್ಸಿನ ಮೂಗಿಗೆ ಹತ್ತಿ

ಬೆಳಿಗ್ಗೆಯಿಂದ ಬೆನ್ನ ಕೆಳಗೆ ರಟ್ಟು ಹಾಸಿಕೊಂಡು ಗಾಡಿಯಡಿ ಮಲಗಿದ್ದೆ. ಈಗಷ್ಟೇ ಎದ್ದು ಬಂದಿದ್ದೇನೆ. ಸ್ನಾನ ಮಾಡಿದರೂ ಕಿವಿಯೊಳಗೆ ಮಣ್ಣು ಕರಕರ ಎನ್ನುತ್ತಿದೆ.

ಎಡಮಂಡಿಯ ನೋವಿಗೆ ಡಾಕ್ಟರು ಕ್ಲಚ್ ತುಳಿಯಬೇಡಿ ಎಂದರು. ದಾವಣಗೆರೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು ಗಾಡಿ ಬಿಟ್ಟು ಬದುಕುವುದು ಹೇಗೆ? ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಪಿಕಪ್ ಟ್ರಕ್ಕೊಂದನ್ನು ಹಳೆಯದೇ ಆದರೂ ಇರಲಿ ಎಂದು ಕೊಂಡೆ. ಅದು ಬಂದ ವಾರದಲ್ಲೇ ಚಳ್ಳಕೆರೆ ಕಡೆಯ ಹಳ್ಳಿಯಿಂದ ಮಾವನವರೂ ಬಂದರು. ಟ್ರಕ್ಕಿನ ಬೆಲೆ ಮೊದಲೇ ಗೊತ್ತಿತ್ತು, ಮಾವನವರದು ಆಮೇಲೆ ತಿಳಿಯಿತು.

ನಮ್ಮ ಮಾವನವರಿಗೆ ಯಾವುದೂ ಬರಿದಾಗಿ ಕಾಣಬಾರದು. ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಚೀಲ ತೊಡಿಸಿದ್ದಾರೆ. ಐದು ಒತ್ತಿದರೆ ಎಂಟು ಬರುತ್ತದೆ. ಫ್ರಿಜ್ಜಿನ ಹಿಡಿಗೆ ಟವೆಲು. ಸೋಫಾಕ್ಕೆ ಚಾದರ, ಆ ಚಾದರದ ಮೇಲೆ ಇನ್ನೊಂದು ಚಾದರ; ನೆಂಟರು ಬಂದಾಗ ಮೇಲಿನದನ್ನು ತೆಗೆಯುವುದೇ ಮರ್ಯಾದೆ. ಕನ್ನಡಕದ ಡಬ್ಬಿಗೆ ಬಟ್ಟೆಚೀಲ, ಚೀಲಕ್ಕೆ ರಬ್ಬರ್ ಬ್ಯಾಂಡು. ಅವರು ಕನ್ನಡಕ ಹೊರತೆಗೆಯುವಷ್ಟರಲ್ಲಿ ಪತ್ರಿಕೆಯ ಸುದ್ದಿ ಹಳಸಿರುತ್ತದೆ.

ಇಂಥವರು ಒಂದು ದಿನ ಟ್ರಕ್ಕಿನ ಕೆಳಗೆ ಬಗ್ಗಿ ನೋಡಿದರು. “ಅಳಿಯಂದಿರೇ, ಇಷ್ಟು ದುಡ್ಡು ಕೊಟ್ಟಿದ್ದೀರಿ, ಇದರ ಹೊಟ್ಟೆಯೆಲ್ಲ ಬಯಲಿಗೆ ಬಿದ್ದಿದೆಯಲ್ಲ!”

ಮಾತಿನಲ್ಲಿ ಸುಳ್ಳಿರಲಿಲ್ಲ. ಆಟೋಮ್ಯಾಟಿಕ್ ಗೇರ್ ಬಾಕ್ಸ್ ಮಹಾ ನಾಜೂಕಿನದು. ಒಳಗಿನ ಸಣ್ಣ ಸಣ್ಣ ದಾರಿಗಳಲ್ಲಿ ಎಣ್ಣೆ ಒತ್ತಡದಿಂದ ಹರಿದು ಗೇರು ಬದಲಿಸುತ್ತದೆ. ಧೂಳಿನ ಕಣ ಸಿಕ್ಕಿಕೊಂಡರೆ ಗಾಡಿ ಸರಾಗವಾಗಿ ಹೋಗುವ ಬದಲು ಒದೆಯುತ್ತದೆ. ಎಣ್ಣೆ ಎಷ್ಟಿದೆ ಎಂದು ಅಳೆಯುವ ಕಡ್ಡಿಯನ್ನು ಕೂಡ ನೂಲು ಬಿಡದ ಬಟ್ಟೆಯಲ್ಲೇ ಒರೆಸಬೇಕು. ತಳದ ತಟ್ಟೆಗೆ ಜಲ್ಲಿಕಲ್ಲು ಬಡಿದು ಸೀಳಿದರಂತೂ ಮುಗಿಯಿತು. ಇದನ್ನೆಲ್ಲ ಮಾವನವರಿಗೆ ವಿವರಿಸಿದವನು ನಾನೇ. ಅದು ನನ್ನ ತಪ್ಪು.

ಮರುದಿನ ನಾನು ಏಳುವ ಮೊದಲೇ ಅವರು ಅಂಗಡಿಯ ಖಾಲಿ ಗೊಬ್ಬರದ ಚೀಲಗಳನ್ನು ಸೀಳಿ, ನೈಲಾನ್ ಹಗ್ಗದಿಂದ ಗೇರ್ ಬಾಕ್ಸಿಗೆ ಲಂಗೋಟಿ ಬಿಗಿದಿದ್ದರು. ಮೇಲ್ಗಡೆ ಒಂದು ಸಣ್ಣ ಕೊಳವೆ ಬಾಯಿ ತೆರೆದುಕೊಂಡಿತ್ತಂತೆ. ಧೂಳು ಹೋಗದಿರಲಿ ಎಂದು ಅದಕ್ಕೆ ಹತ್ತಿ ತುರುಕಿದ್ದರು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನಲ್ಲಿ ಹತ್ತಿಗೇನು ಬರ? ಹತ್ತಿಯ ವಿಷಯ ಅವರು ನನಗೆ ಹೇಳಲಿಲ್ಲ.

ಆ ಭಾನುವಾರ ಅವರ ಹಳ್ಳಿಗೆ ಹೊರಟೆವು. ಚಿತ್ರದುರ್ಗ ದಾಟಿ ಒಳರಸ್ತೆಗೆ ಇಳಿದರೆ ಡಾಂಬರು ಕಾಣದಂತೆ ಹುರುಳಿ ಹರಡಿದ್ದಾರೆ. ಬೇಡವೆಂದು ಪ್ರತಿವರ್ಷ ಹೇಳುವವರು ಹೇಳುತ್ತಾರೆ, ಹರಡುವವರು ಹರಡುತ್ತಾರೆ. ಪಕ್ಕಕ್ಕೆ ಇಳಿಯಲು ಜಾಗವಿಲ್ಲ. ಮೇಲೆಯೇ ಹಾಯಿಸಿದೆ. ಬಳ್ಳಿ ಗೇರ್ ಬಾಕ್ಸಿನಿಂದ ಹಿಂಚಕ್ರಗಳಿಗೆ ತಿರುವು ಕೊಡುವ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು ಗಾಡಿ ಗೊರಗೊರ ಎಂದಿತು. ಸೈಲೆನ್ಸರಿಗೆ ತಾಗಿದ ಚೀಲ ಕರಗಿದ ವಾಸನೆ ಬಂತು. ಬೆಂಕಿ ಹತ್ತೀತೆಂದು ಗಾಬರಿಯಿಂದ ನಿಲ್ಲಿಸಿ ಹಾರಿದೆ.

ಪೊರಕೆ ಹಿಡಿದ ಅಜ್ಜಿಯೊಬ್ಬಳು ಓಡಿ ಬಂದಳು. ನೀರು ತಂದಳೆಂದುಕೊಂಡೆ.

“ಇಲ್ಲೇ ಏಕೆ ನಿಲ್ಲಿಸಿದೆಯಪ್ಪ? ಆ ಕಡೆಯದು ಇನ್ನೂ ಒಡೆದಿಲ್ಲ. ಅದರ ಮೇಲೆ ಎರಡು ಸಲ ಹೋಗಿ ಬಂದು ಆಮೇಲೆ ರಿಪೇರಿ ಮಾಡಿಕೋ.”

ಮಾವನವರು ನನ್ನ ಪರ ನಿಲ್ಲುತ್ತಾರೆಂದು ತಿರುಗಿದರೆ, ಅವರು ಪಂಚೆ ಎತ್ತಿ ಕಟ್ಟಿ, ಅಜ್ಜಿಯ ಕವೆಗೋಲು ಹಿಡಿದು ಹುರುಳಿ ತಿರುವಿಹಾಕುತ್ತಿದ್ದರು! ನಾನು ಕುಡುಗೋಲಿನಿಂದ ಶಾಫ್ಟಿನ ಬಳ್ಳಿ ಕೊಯ್ಯುತ್ತಿದ್ದರೆ, ಮೇಲೆ ಅವರಿಬ್ಬರ ನಡುವೆ ಈ ಸಲದ ಇಳುವರಿಯ ಮಾತು.

ಚಳ್ಳಕೆರೆಗೆ ಎಣ್ಣೆನಗರಿ ಎಂದು ಹೆಸರಿದೆ. ಶೇಂಗಾ ಎಣ್ಣೆಯ ಗಿರಣಿಗಳಿಂದ ಬಂದದ್ದು. ಅಂದು ನನ್ನ ಕಾಣಿಕೆಯಾಗಿ ಲೀಟರಿನಷ್ಟು ಕೆಂಪು ಗೇರ್ ಎಣ್ಣೆ ದಾರಿಯುದ್ದಕ್ಕೂ ಸುರಿಯಿತು. ಅಲ್ಲಿನ ಗ್ಯಾರೇಜಿನ ಮೇಸ್ತ್ರಿ ಚೀಲ ಬಿಚ್ಚಿ, ಕೊಳವೆಯಿಂದ ಹತ್ತಿ ಎಳೆದು ನನ್ನ ಮುಖ ನೋಡಿದ. “ಜೀವ ಇರುವಾಗಲೇ ಮೂಗಿಗೆ ಹತ್ತಿ ಇಟ್ಟಿದ್ದೀರಲ್ಲ ಸ್ವಾಮಿ!” ಅದು ಗೇರ್ ಬಾಕ್ಸ್ ಉಸಿರಾಡುವ ಕೊಳವೆಯಂತೆ. ಎಣ್ಣೆ ಕಾದಾಗ ಹಿಗ್ಗುವ ಗಾಳಿ ಅಲ್ಲಿಂದ ಹೊರಹೋಗಬೇಕು. ದಾರಿ ಮುಚ್ಚಿದರೆ ಸೀಲುಗಳ ಸಂದಿಯಿಂದ ಎಣ್ಣೆ ಹೊರಬೀಳುತ್ತದೆ. ಧೂಳಿಗಿಂತ ಬಿಸಿಯೇ ದೊಡ್ಡ ಶತ್ರು, ಚೀಲ ಕಟ್ಟಿ ಬೇಯಿಸಿದ್ದೀರಿ ಎಂದು ಬೈದ. ಬೈಗುಳವೆಲ್ಲ ನನಗೇ. ಹಿರಿಯರಿಗೆ ಯಾರು ಬೈಯುತ್ತಾರೆ?

ವಾಪಸು ಬರುವಾಗ ಮಾವನವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮಗೇ ಹೇಳಿಕೊಳ್ಳುವಂತೆ ಹೇಳಿದರು: “ಕಣದಲ್ಲಿ ಹಂತಿ ಹೊಡೆಯುವಾಗ, ತೆನೆ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುತ್ತಿದ್ದೆವು. ಕುಕ್ಕೆಗೆ ಕಣ್ಣಿರುತ್ತದೆ. ತೆನೆಗೆ ಬಾಯಿ ಹಾಕಲು ಆಗುವುದಿಲ್ಲ, ಉಸಿರಿಗೆ ತೊಂದರೆಯಿಲ್ಲ. ನಾನು ಚೀಲ ಕಟ್ಟಬಾರದಿತ್ತು.” ಎತ್ತುಗಳು ಸುತ್ತುತ್ತಿದ್ದ ಅವರ ಕಣದ ಮೇಟಿಕಂಬ ಕಿತ್ತು ಎಷ್ಟು ವರ್ಷವಾಯಿತೆಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಕಣ್ಣಿರುವ ಕುಕ್ಕೆಯನ್ನೇ ಮಾಡಿಸಿದೆ. ಪಿ.ಬಿ. ರಸ್ತೆಯ ವೆಲ್ಡಿಂಗ್ ಅಂಗಡಿಯಲ್ಲಿ ತೂತುಗಳಿರುವ ದಪ್ಪ ತಗಡು, ಗೇರ್ ಬಾಕ್ಸಿನಿಂದ ಎರಡು ಬೆರಳು ಕೆಳಗೆ, ಬೋಲ್ಟು ಬಿಚ್ಚಿ ತೆಗೆಯುವ ಹಾಗೆ. ಆದರೆ ಆ ತಗಡಿನ ಮೇಲೆ ಮಣ್ಣು ಕೂರುತ್ತದೆ, ತೂತು ಕಟ್ಟುತ್ತದೆ, ಮತ್ತೆ ಬಿಸಿಯಾಗುತ್ತದೆ. ಹಾಗಾಗಿ ಆಗಾಗ ಬಿಚ್ಚಿ ತೊಳೆಯಬೇಕು. ತೊಳೆಯುವವನು ನಾನು.

ಇವತ್ತು ಬಿಚ್ಚಿದರೆ ಮಣ್ಣಿನ ಹೆಂಟೆಯ ನಡುವೆ ಬಿಳಿಚಿಕೊಂಡ ಒಂದು ಹುರುಳಿ ಸಸಿ, ಎರಡೆಲೆ ಬಿಟ್ಟು ನಿಂತಿತ್ತು. ಕಿತ್ತೆಸೆಯಲು ಹೋದೆ. ಮಾವನವರು ಕೈ ಹಿಡಿದರು. ಸಸಿ ಈಗ ಹಿತ್ತಿಲಿನಲ್ಲಿದೆ. ಬಿಸಿಲು ಬಡಿಯದಿರಲಿ ಎಂದು ಅದರ ಮೇಲೊಂದು ಕುಕ್ಕೆ ಕವುಚಿದ್ದಾರೆ, ಕಣ್ಣಿರುವುದನ್ನೇ.