ಕರಿ ಟೈರಿನ ಬಿಳಿ ಅಂಚು

ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ನೆಲೆಸಿ ಹದಿನೆಂಟು ವರ್ಷಗಳಾದರೂ, ಇಲ್ಲಿನ ಶವವಾಹನವೊಂದು ಎದುರಾದರೆ ನನ್ನ ಕಣ್ಣು ಮೊದಲು ಹೋಗುವುದು ಅದರ ಚಕ್ರಗಳ ಕಡೆಗೆ. ಕಪ್ಪು ಕ್ಯಾಡಿಲಾಕ್, ಕಪ್ಪು ಟೈರು, ಆ ಕಪ್ಪಿನ ನಡುವೆ ಪಂಚೆಯ ಅಂಚಿನಂತೆ ಸುತ್ತಲೂ ಒಂದು ಬಿಳಿ ಪಟ್ಟಿ. ನಮ್ಮೂರಿನಲ್ಲಿ ಶವವಾಹನವನ್ನು ಹೂವಿನಿಂದ ಮುಚ್ಚುತ್ತೇವೆಯೇ ಹೊರತು, ಅದರ ಟೈರು ಹೇಗಿದೆಯೆಂದು ಬಗ್ಗಿ ನೋಡಿದವರನ್ನು ನಾನು ಕಂಡಿಲ್ಲ.

ನಮ್ಮ ಪಕ್ಕದ ಮನೆಯ ಹಿರಿಯರು ಶವಸಂಸ್ಕಾರದ ಸಂಸ್ಥೆಯೊಂದರಲ್ಲಿ ವಾಹನಗಳ ಉಸ್ತುವಾರಿ ಮಾಡಿ ನಿವೃತ್ತರಾದವರು. ಹಳೆಯ ಶವವಾಹನವೊಂದನ್ನು ಇಂದಿಗೂ ತಮ್ಮ ಶೆಡ್ಡಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಈ ಪಟ್ಟಿ ಬಳಿದ ಬಣ್ಣವಲ್ಲವೆಂಬುದನ್ನು ನನಗೆ ತಿಳಿಸಿದವರು ಅವರೇ. ಟೈರಿನ ಪಕ್ಕದಲ್ಲಿ ಬಿಳಿ ರಬ್ಬರಿನ ಪದರವಿಟ್ಟು, ಮೇಲೆ ತೆಳುವಾದ ಕಪ್ಪು ಪದರ ಹೊದಿಸಿ, ಕಾರ್ಖಾನೆಯಲ್ಲಿ ಆ ಕಪ್ಪನ್ನು ಉಜ್ಜಿ ತೆಗೆದಾಗ ಒಳಗಿನ ಬಿಳಿ ಹೊರಗೆ ಕಾಣುತ್ತದೆ. ಮೈಸೂರಿನಲ್ಲಿ ಮದುವೆಗಳಿಗೆ ಬಾಡಿಗೆಗೆ ಹೋಗುತ್ತಿದ್ದ ನಮ್ಮ ಸೋದರಮಾವನ ಅಂಬಾಸಿಡರ್‌ಗೆ ಇದ್ದದ್ದು ಬೇರೆ ಉಪಾಯ: ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿಸುವ ಬಿಳಿ ರಬ್ಬರಿನ ಬಳೆ. ವೇಗ ಹೆಚ್ಚಿದರೆ ಅದರ ಅಂಚು ಎದ್ದು ಪಟಪಟ ಬಡಿಯುತ್ತಿತ್ತು. ಒಳಗೆ ಸೇರಿದ ಮರಳು ಟೈರನ್ನು ಉಪ್ಪುಕಾಗದದಂತೆ ತಿನ್ನುತ್ತಿತ್ತು. ಅಂದಕ್ಕಾಗಿ ಒಳ್ಳೆಯ ಟೈರನ್ನು ಕೆಡಿಸುವ ಆ ಬಳೆಯನ್ನು ಹಾಕಿಸಿಕೊಳ್ಳಿ ಎಂದು ನಾನಂತೂ ಯಾರಿಗೂ ಹೇಳಲಾರೆ.

ಆರೈಕೆಯ ವಿಷಯದಲ್ಲಿ ಇಲ್ಲಿನವರ ಶ್ರದ್ಧೆಯೇ ಮೇಲು. ಹೊಸ ಟೈರಿನ ಬಿಳಿಯ ಮೇಲೆ ನೀಲಿ ಲೇಪವಿರುತ್ತದೆ. ಪಕ್ಕದ ಟೈರಿನ ಕಪ್ಪು ರಬ್ಬರಿನಿಂದ ಒಸರುವ ಎಣ್ಣೆಯಂಶ ಬಿಳಿಗೆ ತಾಗದಿರಲೆಂದು ಹಚ್ಚಿದ ಆ ಲೇಪವನ್ನು, ಟೈರು ಜೋಡಿಸಿದ ಮೇಲೆ ನೀರು, ಸೌಮ್ಯವಾದ ಸೋಪು ಮತ್ತು ಮೆತ್ತನೆಯ ಬ್ರಷ್ಷಿನಿಂದ ತೊಳೆಯಬೇಕು. ಒಂದರ ಮೇಲೊಂದು ಪೇರಿಸಿಡುವಾಗಲೂ ಬಿಳಿಗೆ ಬಿಳಿ, ಕಪ್ಪಿಗೆ ಕಪ್ಪು ಎದುರಾಗುವಂತೆ ಇಡಬೇಕು. ಆಯುಧಪೂಜೆಯ ಮುನ್ನಾದಿನ ಸೀಮೆಎಣ್ಣೆಯ ಬಟ್ಟೆಯಿಂದ ಟೈರು ಒರೆಸಿ ಮಿರಿಮಿರಿ ಮಿಂಚಿಸಿದ ಮನೆಯವನು ನಾನು. ಆ ಅಭ್ಯಾಸಬಲದಿಂದಲೇ ಹಿರಿಯರ ವಾಹನಕ್ಕೆ ಒಮ್ಮೆ ಎಣ್ಣೆ ಬೆರೆತ ಪಾಲಿಶ್ ಹಚ್ಚಿಬಿಟ್ಟೆ. ಎರಡು ವಾರದೊಳಗೆ ಬಿಳಿ ಪಟ್ಟಿ ಹಾಲು ಕಡಿಮೆಯಾದ ಚಹಾದ ಬಣ್ಣಕ್ಕೆ ತಿರುಗಿತು. ಬ್ಲೀಚ್ ಸುರಿಯಲು ಹೊರಟವನನ್ನು ಅವರು ತಡೆದರು, ಏಕೆಂದರೆ ಅದು ರಬ್ಬರನ್ನು ಒಣಗಿಸುತ್ತದೆ; ಕೊನೆಗೆ ನಯವಾದ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಅರ್ಧ ದಿನ ಉಜ್ಜಿದೆವು.

ಆದರೆ ಆಯ್ಕೆಯ ವಿಷಯದಲ್ಲಿ ಅವರಿಗೂ ನನಗೂ ಇಂದಿಗೂ ಜಗಳ. ಅವರು ಮೊದಲು ಅಳೆಯುವುದು ಪಟ್ಟಿಯ ಅಗಲವನ್ನು. 1950ರ ದಶಕದ ಕಾರಿಗೆ ಅಗಲ ಪಟ್ಟಿ, 1960ರ ದಶಕದ ಆರಂಭದ ನಂತರದ್ದಕ್ಕೆ ಸಣ್ಣ ಪಟ್ಟಿ. ಬಿಳಿಯ ಪಕ್ಕ ಹೊನ್ನಿನ ಗೆರೆಯುಳ್ಳ ವೋಗ್ ಟೈರುಗಳು ಐಷಾರಾಮಿ ಕಾರಿಗೆ ಸರಿ, ಸಾವಿನ ಮೆರವಣಿಗೆಗೆ ಸಲ್ಲ ಎಂಬುದು ಅವರ ಲೆಕ್ಕ. ಔಚಿತ್ಯದ ಆ ಮಾತನ್ನು ಒಪ್ಪುತ್ತೇನೆ. ಆದರೆ ಕಾರನ್ನೇ ಉದ್ದ ಮಾಡಿ ಕಟ್ಟಿದ, ಶವಪೆಟ್ಟಿಗೆಯ ಭಾರವನ್ನೂ ಹೊರುವ ವಾಹನಕ್ಕೆ ಮೊದಲು ನೋಡಬೇಕಾದದ್ದು ಭಾರದ ಅಂಕಿಯಲ್ಲವೇ? ಟೈರಿನ ಮೇಲೆ 91 ಎಂದಿದ್ದರೆ ಅದು ಹೊರುವುದು 615 ಕಿಲೋ, 100 ಎಂದಿದ್ದರೆ 800 ಕಿಲೋ. ಬಿಳಿ ಪಟ್ಟಿ ಎರಡರಲ್ಲೂ ಒಂದೇ ರೀತಿ ಕಾಣುತ್ತದೆ. ನಮ್ಮಲ್ಲಿ ಶವವಾಹನವೆಂದರೆ ಸಾಮಾನ್ಯವಾಗಿ ವ್ಯಾನು, ಟೆಂಪೋಗಳೇ ಆಗಿರುವುದರಿಂದ ಭಾರದ ಟೈರು ತಾನಾಗಿಯೇ ಬಂದಿರುತ್ತದೆ, ಆದರೆ ಅದನ್ನು ಗೀರು ಮಾಸುವವರೆಗೂ ಓಡಿಸುತ್ತೇವೆ. ಇಲ್ಲಿ ಅದಕ್ಕೆ ತದ್ವಿರುದ್ಧವಾಗಿ ವಾಹನ ಓಡುವುದೇ ಕಡಿಮೆ. ಗೀರು ಹೊಸದಾಗಿದ್ದರೂ ರಬ್ಬರಿಗೆ ವಯಸ್ಸಾಗಿ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಮೂಡಿರುತ್ತದೆ.

ಕಳೆದ ತಿಂಗಳು ಅವರು ನಾಲ್ಕು ಹೊಸ ಟೈರು ತರಿಸಿದರು. ಅವರು ಅಳತೆಪಟ್ಟಿ ಹಿಡಿದು ಬಿಳಿಯ ಅಗಲ ನೋಡುತ್ತಿದ್ದಾಗ ನಾನು ಟಾರ್ಚು ಹಿಡಿದು, ಟೈರಿನ ಪಕ್ಕದಲ್ಲಿ ಅಚ್ಚಾದ ಸಂಕೇತದಲ್ಲಿ, ತಯಾರಾದ ವಾರ ಮತ್ತು ವರ್ಷವನ್ನು ಹೇಳುವ ಕೊನೆಯ ನಾಲ್ಕು ಅಂಕಿಗಳನ್ನು ಓದಿದೆ. ಮೂರರ ಮೇಲೆ ಒಂದೇ ವರ್ಷವಿತ್ತು. ನಾಲ್ಕನೆಯದು ಅವಕ್ಕಿಂತ ಐದು ವರ್ಷ ಹಳೆಯದು. ಅದನ್ನು ಹಿಂದಕ್ಕೆ ಕಳುಹಿಸಿದ್ದೇವೆ. ಬದಲಿ ಬರುವವರೆಗೆ ಉಳಿದ ಮೂರೂ ನೀಲಿ ಲೇಪದೊಡನೆಯೇ ಶೆಡ್ಡಿನ ಮೂಲೆಯಲ್ಲಿ ನಿಂತಿವೆ.