ನೋಡ್ಲಿಕ್ಕೆ ಎಂತ ಉಂಟು ಅಂತೆ!

ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಪುರುಸೊತ್ತು ಇಲ್ಲದವರು ಫೋಟೋ ನೋಡಿ, ಲೈಕ್ ಒತ್ತಿ ಮುಂದೆ ಹೋಗಿ. ಬೇಜಾರಿಲ್ಲ.

ನಾವು ಮೈಸೂರಿಗೆ ಹೊರಟಿರುವುದು ನಿಮಗೆಲ್ಲ ಗೊತ್ತೇ ಇದೆ. ಇವರ ಕೆಲಸ, ಮಕ್ಕಳ ಶಾಲೆ, ಬಾಡಿಗೆ ಮನೆ ಹುಡುಕಿದ ಪುರಾಣ, ಎಲ್ಲ ಇಲ್ಲೇ ಓದಿ ಸುಸ್ತಾಗಿದ್ದೀರಿ. ನಿನ್ನೆ ನೆಂಟರ ಮನೆಯಲ್ಲಿ ಉಪನಯನ ಇತ್ತು. ಊಟದ ಹಂತಿಯಲ್ಲಿ ಎದುರಿಗೆ ಕೂತ ಭಾವ (ಹೆಸರು ಬೇಡ, ಇದನ್ನು ಓದುತ್ತಾರೆ, ಓದಲಿ) ರಜೆಯಲ್ಲಿ ಎಲ್ಲಿಗೆಲ್ಲ ಹೋದಿರಿ ಅಂತ ಕೇಳಿದರು. ಇಲ್ಲೇ, ಜಿಲ್ಲೆಯ ಒಳಗೇ ಸುತ್ತಿದೆವು ಅಂದೆ. ಹೋಳಿಗೆ ಮುರಿಯುತ್ತಾ ನಕ್ಕರು. "ಕಾಸರಗೋಡಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ತಿ? ಒಂದು ಬೇಕಲ ಕೋಟೆ. ಮಕ್ಕಳನ್ನು ಊಟಿಗಾದ್ರೂ ಕರ್ಕೊಂಡು ಹೋಗ್ಬಹುದಿತ್ತು."

ಅಕ್ಕಪಕ್ಕ ಕೂತವರೆಲ್ಲ ಹೌದು ಹೌದು ಅಂತ ತಲೆ ಆಡಿಸಿದರು. ಎಲ್ಲರೂ ಇಲ್ಲೇ ಹುಟ್ಟಿದವರು. ಕುಂಬಳೆ, ಬದಿಯಡ್ಕ, ಪೆರ್ಲದವರು. ಪಾಯಸ ಬಂತು, ಮಾತು ಬೇರೆ ಕಡೆ ಹೋಯಿತು. ನನಗೆ ಪಾಯಸ ಇಳಿಯಲಿಲ್ಲ.

ಬೆಂಗಳೂರಿನವರು ಹೀಗೆ ಹೇಳಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅವರಿಗೆ ತಲಪಾಡಿಯ ಗಡಿ ದಾಟಿದ ಮೇಲೆ ಎಲ್ಲ ಒಂದೇ. ನವೆಂಬರ್ 1 ಬಂದರೆ ಸಾಕು, "ಕಾಸರಗೋಡು ನಮ್ಮದು" ಅಂತ ಪೋಸ್ಟ್ ಹಾಕುತ್ತಾರೆ. 1956ರಲ್ಲಿ ಕೇರಳಕ್ಕೆ ಹೋದದ್ದು, ಗಡಿ ವಿವಾದದ ಬಗ್ಗೆ 1967ರ ಮಹಾಜನ ಆಯೋಗದ ವರದಿ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದದ್ದು, ಎಲ್ಲ ಬಾಯಿಪಾಠ. ಆ ಚಂದ್ರಗಿರಿ ಹೊಳೆ ಯಾವ ಬಣ್ಣದಲ್ಲಿ ಹರಿಯುತ್ತದೆ ಅಂತ ಕೇಳಿ ನೋಡಿ, ಸುಮ್ಮನಾಗುತ್ತಾರೆ. ಇರಲಿ. ಅವರು ದೂರದವರು. ಆದರೆ ಇಲ್ಲೇ ಹುಟ್ಟಿ ಬೆಳೆದವರು ಕೂಡ ಇಲ್ಲಿ ಎಂತ ಉಂಟು ಅಂತ ಕೇಳಿದರೆ?

ಸುತ್ತಾಟ ಶುರುವಾದದ್ದೇ ದೊಡ್ಡವಳ ಒಂದು ಪ್ರಶ್ನೆಯಿಂದ. ಕೇರಳದ 44 ಹೊಳೆಗಳಲ್ಲಿ ತೀರಾ ಗಿಡ್ಡದ್ದು ನಮ್ಮ ಮಂಜೇಶ್ವರದ ಹೊಳೆ, ಬರೀ 16 ಕಿಲೋಮೀಟರ್ ಅಂತ ಎಲ್ಲಿಯೋ ಓದಿಕೊಂಡು ಬಂದಳು. "ಹಾಗಾದ್ರೆ ಇಡೀ ಹೊಳೆ ಒಂದೇ ದಿನದಲ್ಲಿ ನೋಡ್ಬಹುದಲ್ವಾ ಅಮ್ಮ?" ಅಂದಳು. ಏನು ಹೇಳುವುದು? ನೋಡಬಹುದು. ನಮಗೆ ಯಾರಿಗೂ ಇಷ್ಟು ವರ್ಷ ಅದು ಹೊಳೆದೇ ಇರಲಿಲ್ಲ. ಅಮ್ಮ, ಅಪ್ಪ, ಎರಡು ಮಕ್ಕಳು, ಹಳೆಯ ಆಲ್ಟೋ, ಒಂದು ಬಾಟಲಿ ಪುನರ್ಪುಳಿ ಜ್ಯೂಸು. ಹೊಳೆಯ ಪಕ್ಕವೇ ರಸ್ತೆ ಎಲ್ಲಿರುತ್ತದೆ? ತೋಟದ ನಡುವೆ ಇಳಿದು, ಯಾರದೋ ಅಂಗಳದಲ್ಲಿ ದಾರಿ ಕೇಳಿ, ಸಂಕ ದಾಟಿ, ಮತ್ತೆ ಕಾರು ಹತ್ತಿ, ಕಡೆಗೆ ಅದು ಸಮುದ್ರ ಸೇರುವಲ್ಲಿ ನಿಂತೆವು. ಬೇಸಿಗೆಯಾದ್ದರಿಂದ ನೀರಿಗೆ ಅವಸರವೇ ಇರಲಿಲ್ಲ. ವಾಪಸ್ ಬರುವಾಗ ಮಂಜೇಶ್ವರದ ಗಿಳಿವಿಂಡಿಗೆ, ಅಂದರೆ ಕವಿ ಗೋವಿಂದ ಪೈಗಳ ಸ್ಮಾರಕಕ್ಕೆ ಹೋಗಿ ಅವರ ಮನೆ ನೋಡಿದೆವು. 1949ರಲ್ಲಿ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಅಂತ ಗೌರವಿಸಿದ ಮನುಷ್ಯ ಓಡಾಡಿದ ಮನೆ, ಹೈವೇಯಿಂದ ಕೂಗಳತೆಯಲ್ಲಿದೆ. ಭಾವ ಅದೇ ಹೈವೇಯಲ್ಲಿ ವಾರ ವಾರ ಮಂಗಳೂರಿಗೆ ಹೋಗುತ್ತಾರೆ.

ಆಮೇಲೆ ಬಾಯಾರು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಊಟಿಯಲ್ಲಿ ಇದು ಇಲ್ಲ.

ಇವರ ಗೆಳೆಯರೊಬ್ಬರ ಮನೆ. ಮನೆ ಹಿಂದೆ ಗುಡ್ಡೆ, ಗುಡ್ಡೆಯ ಒಳಕ್ಕೆ ಸುರಂಗ. ಘಟ್ಟದ ಮೇಲಿನ ಸ್ನೇಹಿತರಿಗಾಗಿ ಹೇಳುತ್ತೇನೆ: ಇದು ನೀರಿಗಾಗಿ ಅಡ್ಡಕ್ಕೆ ತೋಡಿದ ಬಾವಿ. ಮುರಕಲ್ಲಿನ ಗುಡ್ಡೆಯನ್ನು ಪಿಕ್ಕಾಸಿನಲ್ಲಿ ಕಡಿಯುತ್ತಾ ಒಳಗೆ ಹೋಗುವುದು, ಒರತೆ ಸಿಗುವ ತನಕ. ಒಬ್ಬ ಮನುಷ್ಯ ನಡೆಯುವಷ್ಟೇ ಅಗಲ. ತೋಡುವವರು ಒಳಗೆ ಮೇಣದ ಬತ್ತಿ ಹಚ್ಚಿಟ್ಟುಕೊಳ್ಳುತ್ತಾರೆ. ಬೆಳಕಿಗೂ ಆಯಿತು, ಗಾಳಿ ಇದೆಯಾ ಅಂತ ನೋಡಲಿಕ್ಕೂ ಆಯಿತು. ಬತ್ತಿ ನಂದಿತೋ, ಹೊರಗೆ ಓಡಬೇಕು. ನೀರು ಸಿಕ್ಕಿದರೆ ಆಮೇಲೆ ಪಂಪು ಬೇಡ, ಕರೆಂಟು ಬೇಡ. ತಾನಾಗಿ ಹರಿದು ಬರುತ್ತದೆ. ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬರುತ್ತಿತ್ತು, ಈಗ ಪೈಪು. ಇಂಥ ಗುಡ್ಡೆಯಲ್ಲಿ ಅಡಿಕೆ ತೋಟ ಎದ್ದದ್ದು ಈ ನೀರಿನಿಂದ.

ಟಾರ್ಚ್ ಹಿಡಿದು ಒಳಗೆ ಹೋದೆವು. ಹೊರಗೆ ಏಪ್ರಿಲಿನ ಬಿಸಿಲು ಸುಡುತ್ತಿತ್ತು. ಒಳಗೆ ಕಾಲ ಗಂಟಿನ ತನಕ ತಣ್ಣಗಿನ ನೀರು. ಎರಡೂ ಕಡೆ ಗೋಡೆಯಲ್ಲಿ ಪಿಕ್ಕಾಸಿನ ಏಟಿನ ಗುರುತು, ಓರೆಯಾಗಿ, ಸಾಲು ಸಾಲಾಗಿ. ಎಷ್ಟೋ ವರ್ಷದ ಹಿಂದೆ ಬಿದ್ದ ಏಟು, ಅಂಚು ಇನ್ನೂ ಹರಿತವಾಗಿದೆ. ಸಣ್ಣವನು ಒಂದೊಂದಕ್ಕೂ ಬೆರಳಿಟ್ಟು ಮುಟ್ಟುತ್ತಾ ಬಂದ. ಅಷ್ಟರಲ್ಲಿ ಮೇಲಿಂದ ಒಂದು ಹನಿ ಅವನ ಕತ್ತಿನ ಮೇಲೆ ಬಿತ್ತು. ಕಿರುಚಿದ ನೋಡಿ! ಒಳಗಿದ್ದ ಬಾವಲಿಗಳೆಲ್ಲ ಎದ್ದು ನಮ್ಮ ತಲೆ ಮೇಲೆ ಹಾರಿದವು. ಎಲ್ಲರಿಗಿಂತ ಮೊದಲು ಹೊರಗೆ ತಲುಪಿದ್ದು ಮನೆಯ ಯಜಮಾನರು. ಇದನ್ನು ಬರೆಯಬೇಡ ಅಂತ ಹೇಳಿದ್ದರು.

ಈಗ ಹೇಳಿ, ನೋಡ್ಲಿಕ್ಕೆ ಎಂತ ಉಂಟು?

ಸೆಕೆ ಜಾಸ್ತಿ, ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿ ಯಾರು ಸುತ್ತುತ್ತಾರೆ ಅಂತ ನೀವು ಹೇಳಬಹುದು. ಹೌದು, ಸೆಕೆ ಇದೆ. ಕರಾವಳಿಯಲ್ಲಿ ಸೆಕೆ ಇಲ್ಲದೆ ಹಿಮ ಬೀಳುತ್ತದಾ? ಬೆಳಗ್ಗೆ ಬೆಳಕು ಹರಿಯುವ ಮೊದಲೇ ಹೊರಟರೆ ಬಿಸಿಲೇರುವಾಗ ಮನೆ ಸೇರಬಹುದು. ಬೋರ್ಡು ಇಲ್ಲ, ಸರಿಯಾದ ಶೌಚಾಲಯ ಇಲ್ಲ ಅಂತಲೂ ಹೇಳಬಹುದು. ಅದು ಸತ್ಯ, ಹೆಣ್ಣುಮಕ್ಕಳಿಗೆ ಅದು ದೊಡ್ಡ ತೊಂದರೆಯೇ. ಆದರೆ ಭಾವ ಕೇಳಿದ್ದು ಶೌಚಾಲಯ ಉಂಟಾ ಅಂತ ಅಲ್ಲವಲ್ಲ.

ಅತ್ತೆಗೂ ಮೊದಲು ನಮ್ಮ ಮೇಲೆ ಸಿಟ್ಟಿತ್ತು. "ಪಾತ್ರೆ ಕಟ್ಟುವುದು ಬಿಟ್ಟು ಗುಡ್ಡೆ ಹತ್ತುವುದಾ?" ಅಂತ ದಿನಾ ಒಂದು ಸಲ ಕೇಳುತ್ತಿದ್ದರು. ಪೊಸಡಿ ಗುಂಪೆಗೆ ಹೊರಟ ದಿನ, ಮಕ್ಕಳನ್ನು ನೋಡಿಕೊಳ್ಳಲಿಕ್ಕೆ ಅಂತ ನೆಪ ಹೇಳಿ ಕಾರು ಹತ್ತಿದರು. ಅರ್ಧ ದಾರಿಯಲ್ಲಿ ನಮ್ಮನ್ನೆಲ್ಲ ನಿಲ್ಲಿಸಿ ಕೇಪಳ ಹಣ್ಣು ಕೊಯ್ದರು. ಕುಂಟಾಲ ಯಾವುದು, ತಿಂದರೆ ಗಂಟಲು ಕೆರೆಯುವುದು ಯಾವುದು, ಎಲ್ಲ ಹೇಳಿಕೊಟ್ಟರು. ಗೇರುಹಣ್ಣು ಹಿಂಡಿ ಕುಡಿದು ಸಣ್ಣವನ ಅಂಗಿ ಪೂರ್ತಿ ಕಲೆ. ಅದು ಇನ್ನು ಹೋಗುವ ಕಲೆ ಅಲ್ಲ. ಮೇಲೆ ತಲುಪಿದಾಗ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಮದುವೆಯಾಗಿ ಬಂದ ಮೇಲೆ ಇಷ್ಟು ಹತ್ತಿರದ ಗುಡ್ಡೆಗೆ ಇದೇ ಮೊದಲು ಬಂದದ್ದು ಅಂದರು. ಅವರಿಗೆ ಈಗ ಅರವತ್ತು ದಾಟಿದೆ.

ಅನಂತಪುರದ ಸರೋವರ ದೇವಸ್ಥಾನಕ್ಕೆ ಹೋದಾಗ ಮಕ್ಕಳಲ್ಲಿ ದೊಡ್ಡ ಜಗಳ. ದೊಡ್ಡವಳು ಆ ಕೆರೆಯ ಮೊಸಳೆ ಬಬಿಯಾನನ್ನು ನೋಡಿದ್ದಾಳೆ, ಸಣ್ಣವನಿಗೆ ಆ ನೆನಪಿಲ್ಲ. ಬಬಿಯಾ ತೀರಿಹೋದದ್ದು 2022ರ ಅಕ್ಟೋಬರ್ 9ಕ್ಕೆ. ಮರುವರ್ಷ ನವೆಂಬರಿನಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತು. ಹಾಗಾಗಿ ಆಸೆಯಿಂದ ತುಂಬಾ ಹೊತ್ತು ಕಾದೆವು. ಅದು ಮುಖ ತೋರಿಸಲಿಲ್ಲ. "ನನ್ನ ಮೊಸಳೆ ಬರ್ತಿತ್ತು" ಅಂತ ಅಕ್ಕನ ಜಂಬ. ತಮ್ಮ ಅಲ್ಲೇ ನೆಲದಲ್ಲಿ ಬಿದ್ದು ಅತ್ತ.

ರಾಣಿಪುರಂ ಬೆಟ್ಟದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ರೀಲ್ಸ್‌ನಲ್ಲಿ ನೋಡಿಯೇ ಇರುತ್ತೀರಿ. ಮಳೆ ಬಂದ ಮೇಲೆ ಹೋಗುವವರು ಜಿಗಣೆಗೆ ಉಪ್ಪು ಹಿಡಿದುಕೊಂಡು ಹೋಗಿ, ಅಷ್ಟೇ. ಅದಕ್ಕಿಂತ ನನ್ನ ತಲೆಯಲ್ಲಿ ಕೂತದ್ದು ಪರಪ್ಪದ ಹತ್ತಿರದ ಕರೀಂ ಕಾಡು. ಅಬ್ದುಲ್ ಕರೀಂ ಅವರು 1977ರಲ್ಲಿ 5 ಎಕರೆ ಬೋಳು ಪಾರೆ (ಬಂಡೆ ನೆಲ) ಕೊಂಡರು. ಜನ ಹುಚ್ಚು ಅಂದರಂತೆ. ದೂರದಿಂದ ಗಾಡಿಯಲ್ಲಿ ಕ್ಯಾನು ಕಟ್ಟಿಕೊಂಡು ನೀರು ತಂದು ಗಿಡ ಸಾಕಿದರು. ಮತ್ತೆ ಮತ್ತೆ ಜಾಗ ಸೇರಿಸಿ 32 ಎಕರೆ ಕಾಡು ಮಾಡಿದರು. ಒಳಗೆ ನಿಂತಾಗ ಕಾಲ ಕೆಳಗೆ ಒಣಗಿದ ಎಲೆ ಎಷ್ಟು ದಪ್ಪ ಬಿದ್ದಿತ್ತು ಅಂದರೆ ಪಾರೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಆ ಬೋಳು ಪಾರೆ ನೋಡಿ ಅವರ ಕಾಲದ ಜನವೂ ಇಲ್ಲಿ ಎಂತ ಉಂಟು ಅಂತಲೇ ಕೇಳಿರಬೇಕು.

ಬೇಕಲದ ಮೇಲೆ ನನಗೆ ದ್ವೇಷ ಇಲ್ಲ ಸ್ವಾಮಿ. ಇಕ್ಕೇರಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ, 40 ಎಕರೆ, ಕೇರಳದಲ್ಲೇ ದೊಡ್ಡದು. ಚೆಂದವೇ. ಆದರೆ ಅಲ್ಲಿ ಅರ್ಧ ಜನ ಸಮುದ್ರಕ್ಕೆ ಬೆನ್ನು ಹಾಕಿ ನಿಂತಿರುತ್ತಾರೆ, ಸೆಲ್ಫಿಗೆ. ಅದೇ ನಾಯಕನ ಚಂದ್ರಗಿರಿ ಕೋಟೆಗೆ ಹೋಗಿ. ನಾವು ಹೋದ ಸಂಜೆ ಒಂದು ಆಡು, ಅದನ್ನು ಹುಡುಕಿಕೊಂಡು ಬಂದ ಒಬ್ಬ ಅಜ್ಜ, ನಾವು. ಕೆಳಗೆ ಹೊಳೆ. ಕೊಡಗಿನಲ್ಲಿ ಹುಟ್ಟಿ ಸುಳ್ಯದ ಮೇಲೆ ಪಯಸ್ವಿನಿಯಾಗಿ ಬಂದದ್ದು ಇಲ್ಲಿ ಚಂದ್ರಗಿರಿಯಾಗಿ ಸಮುದ್ರಕ್ಕೆ ಹೊರಟಿತ್ತು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆ ಹೊರಗಿನ ಪೇಪರಿಗೆ ಬರುವುದು ಎರಡೇ ಕಾರಣಕ್ಕೆ. ಒಂದು ಗಡಿ, ಇನ್ನೊಂದು ಗೇರು ತೋಟಕ್ಕೆ ಹೊಡೆದ ಕೀಟನಾಶಕ ಎಂಡೋಸಲ್ಫಾನ್. ಎಣ್ಮಕಜೆ ಕಡೆ ಹೋಗುವಾಗ ಗೇರು ಗುಡ್ಡೆ ತೋರಿಸಿ ದೊಡ್ಡವಳಿಗೆ ಅದನ್ನೂ ಹೇಳಿದೆ. ಹೆಲಿಕಾಪ್ಟರಿನಿಂದ ವಿಷ ಹೊಡೆದದ್ದು, ಮಕ್ಕಳು ಹಾಸಿಗೆ ಹಿಡಿದದ್ದು, 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲೇ ಅದನ್ನು ನಿಷೇಧಿಸಿದ್ದು. ತುಂಬಾ ಹೊತ್ತು ಮಾತಾಡಲಿಲ್ಲ ಅವಳು. ಇದನ್ನು ಮುಚ್ಚಿಟ್ಟು ಬರೀ ಚೆಂದದ್ದು ತೋರಿಸಬೇಕು ಅಂತ ನನಗೆ ಅನ್ನಿಸಲಿಲ್ಲ. ಆದರೆ ಮೈಸೂರಿನ ಶಾಲೆಯಲ್ಲಿ ಯಾರಾದರೂ ನಿನ್ನ ಊರು ಯಾವುದು ಅಂತ ಕೇಳಿದರೆ, ಅವಳ ಬಾಯಲ್ಲಿ ಸುರಂಗವೂ ಬರಲಿ, ಕುಂಟಾಲವೂ ಬರಲಿ ಅಂತ ಆಸೆ.

ನಿಜ ಹೇಳುತ್ತೇನೆ, ಇಷ್ಟೆಲ್ಲ ಸುತ್ತಿದ್ದು ಮಕ್ಕಳಿಗೋಸ್ಕರ ಅಂತ ಎಲ್ಲರಿಗೂ ಹೇಳಿದ್ದೇನೆ. ಪೂರ್ತಿ ಹಾಗಲ್ಲ. ಮನೆಯಲ್ಲಿ ಕೂತರೆ ಕಟ್ಟಿಟ್ಟ ಪೆಟ್ಟಿಗೆಗಳು ಕಾಣುತ್ತಿದ್ದವು, ಗೋಡೆಯಿಂದ ಕ್ಯಾಲೆಂಡರ್ ತೆಗೆದ ಬಿಳಿ ಜಾಗ ಕಾಣುತ್ತಿತ್ತು. ಅಳು ಬರುತ್ತಿತ್ತು. ಕಾರಿನಲ್ಲಿ ಅಳು ಬರುವುದಿಲ್ಲ. ಹಿಂದಿನ ಸೀಟಿನಲ್ಲಿ ಇಬ್ಬರೂ ಚಿಪ್ಸಿಗೆ ಹೊಡೆದಾಡುತ್ತಿದ್ದರೆ ಯಾರಿಗೆ ಅಳು ಬರುತ್ತದೆ?

ಕಡೆಯದಾಗಿ ಪತ್ತನಾಜೆಯ (ತುಳುವರ ಬೇಶ ತಿಂಗಳ ಹತ್ತನೇ ದಿನ) ಮೊದಲು ಒಂದು ಯಕ್ಷಗಾನ ಬಯಲಾಟ ನೋಡಿದೆವು. ಪತ್ತನಾಜೆ ಆದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಆಮೇಲೆ ಮಳೆ ಕಳೆಯುವ ತನಕ ತಿರುಗಾಟ ಇಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಮಕ್ಕಳು ಆಟ ನೋಡದೆ ಘಟ್ಟ ಹತ್ತಬಾರದು ಅಂತ ಇವರ ಹಟ. ಗದ್ದೆಯಲ್ಲಿ ಚಾಪೆ ಹಾಸಿ ಕೂತೆವು. ಚೆಂಡೆ ಶುರುವಾದ ಕೂಡಲೇ ಸಣ್ಣವನು ನಿದ್ದೆ ಹೋದ. ದೊಡ್ಡವಳು ರಕ್ಕಸ ವೇಷ ಬರುವ ತನಕ ಎದ್ದಿದ್ದು, ಬಂದ ಮೇಲೆ ನನ್ನ ಸೀರೆಯೊಳಗೆ ಮುಖ ಹುದುಗಿಸಿಕೊಂಡಳು. ಖರ್ಚು ಅಂತ ಆದದ್ದು ಚರುಮುರಿಗೆ.

ಊಟಿಗೆ ಹೋಗುವುದಿಲ್ಲ ಅಂತ ಹರಕೆ ಏನೂ ಇಲ್ಲ. ಮೈಸೂರಿನಿಂದ ಊಟಿ ಮೂರು ನಾಲ್ಕು ಗಂಟೆಯ ದಾರಿ, ಯಾವ ಶನಿವಾರ ಬೇಕಾದರೂ ಹೋಗಬಹುದು. ಸುರಂಗಕ್ಕೆ ಹೋಗಬೇಕಾದರೆ ಇನ್ನು ರಜೆ ಹಾಕಬೇಕು, ಬಸ್ ಬುಕ್ ಮಾಡಬೇಕು, ನೆಂಟರ ಮನೆಯಲ್ಲಿ ಉಳಿಯಬೇಕು. ಭಾವನ ಮನೆ ಅಲ್ಲಿಗೆ ಹತ್ತಿರ. ಅವರ ಮನೆಯಲ್ಲೇ ಉಳಿಯುತ್ತೇವೆ. ಅವರನ್ನೂ ಎಳೆದುಕೊಂಡು ಹೋಗುತ್ತೇವೆ, ಬಾವಲಿ ಎದ್ದಾಗ ಯಾರು ಮೊದಲು ಓಡುತ್ತಾರೆ ನೋಡುವಾ.

ಕೋಟಂಚೇರಿ ಬೆಟ್ಟ ಬಾಕಿ ಉಳಿಯಿತು, ವಲಿಯಪರಂಬದ ಹಿನ್ನೀರಿನ ದೋಣಿಯೂ ಬಾಕಿ. ಅಡುಗೆಮನೆ ಪೂರ್ತಿ ಬಾಕಿ. ಲಾರಿಯವನು ಗುರುವಾರ ಬೆಳಗ್ಗೆ ಬರುತ್ತೇನೆ ಅಂದಿದ್ದಾನೆ. ಬುಧವಾರ ಸಹಾಯಕ್ಕೆ ಬರುವವರು ಬನ್ನಿ, ಹಲಸಿನ ಹಣ್ಣಿನ ಕಡುಬು ಮಾಡುತ್ತೇನೆ. ರಟ್ಟಿನ ಪೆಟ್ಟಿಗೆ ನೀವೇ ತನ್ನಿ, ಇಲ್ಲಿ ಒಂದೂ ಉಳಿದಿಲ್ಲ.